ತೌಡೆಣ್ಣೆ ಘಟಕದ ರಾಸಾಯನಿಕ ಅಪಾಯ ಮೌಲ್ಯಮಾಪನ: ಪಡೆದ ಸೇವೆಯೊಂದರ ವಿಮರ್ಶೆ

ದಾವಣಗೆರೆ, ಹರಿಹರದ ಸುತ್ತ ಭತ್ತವೂ ಅಕ್ಕಿ ಗಿರಣಿಗಳೂ ಇರುವುದರಿಂದ ತೌಡಿನಿಂದ ಎಣ್ಣೆ ತೆಗೆಯುವ ಕೆಲಸವೂ ಇಲ್ಲಿದೆ. ಆ ಕೆಲಸಕ್ಕೆ ಬೇಕಾದ ದ್ರಾವಕ ಹೆಕ್ಸೇನ್. ನಾನು ಸುರಕ್ಷತೆಯ ಹೊಣೆ ಹೊತ್ತಿರುವ ಇಂಥ ಒಂದು ಘಟಕದಲ್ಲಿ, ಕಾರ್ಖಾನೆಗಳ ಇಲಾಖೆಯ ತಪಾಸಣೆಗೆ ಮುಂಚೆ, ಖಾಸಗಿ ಸಲಹಾ ಸಂಸ್ಥೆಯೊಂದರಿಂದ ಅಪಾಯದ ಮಟ್ಟವನ್ನು ಅಳೆಸಿದೆವು. ಸೇವೆ ಒಟ್ಟಿನಲ್ಲಿ ಚೆನ್ನಾಗಿತ್ತು. ಎರಡು ಕೊರತೆಗಳನ್ನು ಮಾತ್ರ ಹೇಳಲೇಬೇಕು.

ನನಗೆ ಅತ್ಯಂತ ಮೆಚ್ಚಿಕೆಯಾದದ್ದು, ಬೆಂಕಿಯ ಅಪಾಯವನ್ನೂ ಆರೋಗ್ಯದ ಅಪಾಯವನ್ನೂ ಅವರು ಬೇರೆ ಬೇರೆಯಾಗಿ ಅಳೆದದ್ದು. ಹೆಕ್ಸೇನಿನ ಆವಿ ಗಾಳಿಯಲ್ಲಿ ಸುಮಾರು ಶೇ 1.1ರಷ್ಟು ಸೇರಿದರೆ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಅನಿಲ ಪತ್ತೆ ಯಂತ್ರವನ್ನು ಆ ಮಿತಿಯ ಹತ್ತರಲ್ಲಿ ಒಂದು ಪಾಲಿಗೇ ಕೂಗುವಂತೆ ಹೊಂದಿಸಿದರೂ, ಅದು ಕೂಗುವ ಹೊತ್ತಿಗೆ ಗಾಳಿಯಲ್ಲಿ 1,100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 1,100 ಪಾಲು) ಆವಿ ಇರುತ್ತದೆ. ಆದರೆ ಎಂಟು ಗಂಟೆಯ ಪಾಳಿಗೆ ಎನ್-ಹೆಕ್ಸೇನಿನ (ದ್ರಾವಕದ ಮಿಶ್ರಣದಲ್ಲಿ ನರಗಳಿಗೆ ಕೇಡು ಮಾಡುವ ಅಂಶ) ಸರಾಸರಿ ಮಿತಿಯೆಂದು ಸಾಮಾನ್ಯವಾಗಿ ಒಪ್ಪಿರುವುದು 50 ಪಿಪಿಎಂ. ಯಂತ್ರ ಸುಮ್ಮನಿದೆ ಎಂದ ಮಾತ್ರಕ್ಕೆ ಕೈಕಾಲು ಜೋಮು ಹಿಡಿಸುವ, ದೀರ್ಘಕಾಲದಲ್ಲಿ ನರಗಳನ್ನೇ ಹಾಳುಮಾಡುವ ಪ್ರಮಾಣ ಅಲ್ಲಿಲ್ಲ ಎನ್ನಲಾಗದು. ಆದ್ದರಿಂದ ತಂಡದವರು ಕಾರ್ಮಿಕರ ಕೊರಳಪಟ್ಟಿಗೆ ಆವಿಯನ್ನು ಹೀರಿ ಹಿಡಿದಿಡುವ ಇದ್ದಿಲಿನ ನಳಿಕೆಯನ್ನು ಸಿಕ್ಕಿಸಿ, ಸೊಂಟಕ್ಕೆ ಪುಟ್ಟ ಪಂಪು ಕಟ್ಟಿ, ಪಾಳಿ ಪೂರ್ತಿ ಅವರು ಉಸಿರಾಡುವ ಗಾಳಿಯ ಮಾದರಿಯನ್ನೇ ಸಂಗ್ರಹಿಸಿದರು. ದ್ರಾವಕದಲ್ಲಿ ಎನ್-ಹೆಕ್ಸೇನಿನ ಪಾಲೆಷ್ಟು ಎಂಬುದನ್ನೂ ಸರಬರಾಜುದಾರರ ವಿಶ್ಲೇಷಣಾ ಪತ್ರದಿಂದ ತಾಳೆ ನೋಡಿದರು. ರಾಸಾಯನಿಕದ ಜೊತೆ ಬರುವ ಸುರಕ್ಷತಾ ದತ್ತಾಂಶ ಪತ್ರವನ್ನು ನಕಲು ಮಾಡಿ ವರದಿಯೆಂದು ಕೊಡುವವರಿಂದ ಇಷ್ಟು ಶ್ರದ್ಧೆ ದೊರೆಯದು.

ಹೆಕ್ಸೇನಿನ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಚರಂಡಿ, ಪಂಪಿನ ಗುಂಡಿಗಳಲ್ಲಿ ಅದು ತಂಗುತ್ತದೆ. ಅವರು ಬಗ್ಗಿ ಅಂಥ ಜಾಗಗಳನ್ನೆಲ್ಲ ಅಳೆದರು.

ಇನ್ನು ಕೊರತೆಗಳು. ಸೋರಿಕೆ ಎಲ್ಲಿಯವರೆಗೆ ಹರಡೀತು ಎಂಬ ಲೆಕ್ಕವನ್ನು ಮಳೆಗಾಲದ ಪಡುವಣ ಗಾಳಿಯೊಂದಕ್ಕೇ ಮಾಡಿದ್ದರು. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಆಗಿನ ನಿಶ್ಚಲ ರಾತ್ರಿಗಳಲ್ಲಿ ಆವಿ ಬೇಗ ಚದುರದೆ ನೆಲ ಹಿಡಿದೇ ಸಾಗುತ್ತದೆ. ಅಪಾಯಕ್ಕೆ ಸಿಲುಕುವ ಮನೆಗಳೇ ಬೇರೆಯಾಗುತ್ತವೆ. ಕೇಳಿದ ಮೇಲೆ ಈ ಲೆಕ್ಕವನ್ನೂ ಸೇರಿಸಿದರು, ಆದರೆ ಬೇರೆ ಶುಲ್ಕ ಪಡೆದರು. ಇದು ನನಗೆ ಸರಿಯೆನಿಸಲಿಲ್ಲ. ಎರಡನೆಯದಾಗಿ, ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ವ್ಯಾಪ್ತಿಗೆ ಬಂದು ತುರ್ತು ಯೋಜನೆ ಹೊಂದಿರಬೇಕಾದ ಘಟಕಗಳು ಆರು ತಿಂಗಳಿಗೊಮ್ಮೆ ಅದರ ಅಣಕು ಕಾರ್ಯಾಚರಣೆ ನಡೆಸಬೇಕು. ಆ ಕಾರ್ಯಾಚರಣೆಯಲ್ಲಿ ಓಡಬೇಕಾದ ಕಾರ್ಮಿಕನಿಗೆ ಓದಲು ಬಾರದ ವರದಿಯನ್ನು ಪೂರ್ಣವೆಂದು ನಾನು ಒಪ್ಪಲಾರೆ.

ಇದೇ ಬಗೆಯ ಸೇವೆ ಪಡೆಯುವವರು ಎರಡೂ ಗಾಳಿಯ ಲೆಕ್ಕ, ಕನ್ನಡದ ಸಾರಾಂಶ, ಮಾದರಿ ಕೊಟ್ಟ ಪ್ರತಿ ಕಾರ್ಮಿಕನಿಗೂ ಅವನ ಫಲಿತಾಂಶದ ಪ್ರತಿ, ಈ ಮೂರನ್ನೂ ಕಾರ್ಯಾದೇಶದಲ್ಲೇ ಬರೆಸಿ, ಆಮೇಲೆ ಮುಂಗಡ ಕೊಡುವುದು ಒಳ್ಳೆಯದು.