ಬಸುರಿನಲ್ಲೇ ಹೊಟ್ಟೆ ಆಪರೇಷನ್ ಆದವರಿಗೆ ಹೆರಿಗೆ ಸಮಾಲೋಚನೆ: ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ

ಬಸುರಿನ ನಡುವೆ ಅಪೆಂಡಿಕ್ಸ್, ಪಿತ್ತಕೋಶ, ಅಂಡಾಶಯದ ಗೆಡ್ಡೆ ಅಂತ ಹೊಟ್ಟೆಯ ಆಪರೇಷನ್ ಆದವರನ್ನು ಹೆರಿಗೆಗೆ ಮುಂಚೆ ಕೂರಿಸಿಕೊಂಡು ಮಾತಾಡುವ ವ್ಯವಸ್ಥೆ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ಇರುತ್ತದೆ. ಕೆಲವು ಕಡೆ ಹೈ ರಿಸ್ಕ್ ಓಪಿಡಿ ಅನ್ನುತ್ತಾರೆ, ಕೆಲವು ಕಡೆ ಬರ್ತ್ ಪ್ಲ್ಯಾನಿಂಗ್ ಕ್ಲಿನಿಕ್. ಹೆಸರು ಏನೇ ಇರಲಿ, ಆಗಬೇಕಾದ ಕೆಲಸ ಒಂದೇ: ನಾರ್ಮಲ್ ಹೆರಿಗೆಯೋ ಸಿಸೇರಿಯನ್ನೋ, ಎಷ್ಟನೇ ವಾರಕ್ಕೆ, ಯಾವ ಅರಿವಳಿಕೆ ಎಂದು ತೀರ್ಮಾನಿಸಿ ಫೈಲಿನಲ್ಲಿ ಬರೆದಿಡುವುದು. ಸೇವೆ ಚೆನ್ನಾಗಿದೆಯೋ ಇಲ್ಲವೋ ಅಂತ ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಆಪರೇಷನ್ ನೋಟ್ಸ್ ಕೇಳುವ ಡಾಕ್ಟರ ಮುಂದೆ ಧೈರ್ಯವಾಗಿ ಕೂರಬಹುದು. ಹೊಟ್ಟೆಯ ಮೇಲಿನ ಗುರುತನ್ನಷ್ಟೇ ನೋಡಿ "ಯಾಕೆ ರಿಸ್ಕು, ಸಿಸೇರಿಯನ್ ಮಾಡಿಬಿಡೋಣ" ಅಂದರೆ ಅದು ಸಮಾಲೋಚನೆಯೇ ಅಲ್ಲ.

ಚರ್ಮದ ಮೇಲಿನ ಗುರುತು ಗರ್ಭಕೋಶದ ಬಗ್ಗೆ ಏನೂ ಹೇಳುವುದಿಲ್ಲ. ಹೊಕ್ಕುಳಿನಿಂದ ಕೆಳಗಿನವರೆಗೆ ಉದ್ದ ಕೊಯ್ದು ಕರುಳಿನ ಅಡಚಣೆ ಬಿಡಿಸಿದ್ದರೂ ಗರ್ಭಕೋಶಕ್ಕೆ ಕತ್ತಿ ತಾಗಿಲ್ಲದಿದ್ದರೆ ನಾರ್ಮಲ್ ಹೆರಿಗೆಗೆ ಆ ಆಪರೇಷನ್ ಅಡ್ಡಿಯಲ್ಲ. ಲ್ಯಾಪರೋಸ್ಕೋಪಿಯ ಮೂರು ಸಣ್ಣ ತೂತುಗಳಷ್ಟೇ ಕಾಣುತ್ತಿದ್ದರೂ, ಗರ್ಭಕೋಶದ ಗೋಡೆ ಕೊಯ್ದು ಫೈಬ್ರಾಯ್ಡ್ (ಗರ್ಭಕೋಶದ ಗೆಡ್ಡೆ) ತೆಗೆದಿದ್ದರೆ ಲೆಕ್ಕವೇ ಬೇರೆ. ಆದ್ದರಿಂದ ಡಿಸ್ಚಾರ್ಜ್ ಸಮರಿ ಸಾಲದು. ಅದರಲ್ಲಿ ಬರೀ "ಲ್ಯಾಪರಾಟಮಿ ಮಾಡಲಾಯಿತು", ಅಂದರೆ ಹೊಟ್ಟೆ ತೆರೆದು ಆಪರೇಷನ್ ಆಯಿತು ಅಂತಷ್ಟೇ ಇರುತ್ತದೆ. ಯಾವ ಪದರ ಕೊಯ್ದರು, ಯಾವ ದಾರದಲ್ಲಿ ಹೊಲಿದರು, ಕರುಳು ಎಲ್ಲಿ ಅಂಟಿಕೊಂಡಿತ್ತು ಅನ್ನುವುದು ಆಪರೇಷನ್ ನೋಟ್ಸ್‌ನಲ್ಲೇ ಸಿಗುವುದು. ಆಪರೇಷನ್ ಮಾಡಿದ ಆಸ್ಪತ್ರೆಯಿಂದ ಅದರ ಪ್ರತಿ ತೆಗೆಸಿ, ಸ್ಕ್ಯಾನ್ ಮತ್ತು ಬಯಾಪ್ಸಿ ರಿಪೋರ್ಟಿನ ಜೊತೆ ಒಯ್ಯಿರಿ.

ಸಿಸೇರಿಯನ್ ನಿಜವಾಗಿ ಬೇಕಾಗುವ ಸಂದರ್ಭಗಳನ್ನು ಒಳ್ಳೆಯ ಕ್ಲಿನಿಕ್ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮಗುವಿನ ಬೆನ್ನುಹುರಿಯ ದೋಷ ಸರಿಪಡಿಸಲು ಗರ್ಭಕೋಶವನ್ನೇ ತೆರೆದು ಮಾಡುವ ಭ್ರೂಣ ಶಸ್ತ್ರಚಿಕಿತ್ಸೆ ಅಂಥದ್ದು. ಈ ಚಿಕಿತ್ಸೆಯನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಮಾಮ್ಸ್ (MOMS) ಎಂಬ ಅಧ್ಯಯನದಲ್ಲಿ ಈ ಆಪರೇಷನ್ 26 ವಾರಕ್ಕೆ ಮುಂಚೆ ನಡೆದಿತ್ತು, ಹೆರಿಗೆಯನ್ನು 37ನೇ ವಾರಕ್ಕೆ ಸಿಸೇರಿಯನ್ ಮೂಲಕವೇ ಗೊತ್ತುಮಾಡಲಾಗಿತ್ತು. ಇಲ್ಲಿ ಕೊಯ್ತ ಬೀಳುವುದು ಗರ್ಭಕೋಶದ ದಪ್ಪ ಮೇಲ್ಭಾಗದಲ್ಲಿ. ನೋವು ಶುರುವಾದರೆ ಜೋರಾಗಿ ಸಂಕುಚಿಸುವುದೂ ಅದೇ ಭಾಗ, ಹಾಗಾಗಿ ಬಿರಿಯುವ ಭಯ ಹೆಚ್ಚು. ಮುಂದಿನ ಬಸುರುಗಳಿಗೂ ಸಿಸೇರಿಯನ್ನೇ ಅನ್ನುವುದನ್ನು ಈಗಲೇ ಹೇಳಬೇಕು. ಫೀಟೋಸ್ಕೋಪಿಯಲ್ಲಿ ಸಣ್ಣ ತೂತಿನಿಂದ ಅದೇ ಕೆಲಸ ಮಾಡಿದ್ದರೆ ನಾರ್ಮಲ್ ಹೆರಿಗೆಯ ಬಾಗಿಲು ತೆರೆದಿರಬಹುದು.

ಇನ್ನೊಂದು, ಗರ್ಭಕೋಶದ ಕೊರಳು ಅವಧಿಗೆ ಮುಂಚೆ ತೆರೆಯದಂತೆ ಅದಕ್ಕೆ ಹೊಟ್ಟೆಯ ಕಡೆಯಿಂದ ಹಾಕುವ ಹೊಲಿಗೆ. ಯೋನಿಯ ಮೂಲಕ ಹಾಕಿದ ಹೊಲಿಗೆಯನ್ನು 36–37 ವಾರಕ್ಕೆ ಬಿಚ್ಚಿ ನಾರ್ಮಲ್ ಹೆರಿಗೆಗೆ ಬಿಡುತ್ತಾರೆ. ಹೊಟ್ಟೆಯ ಕಡೆಯಿಂದ ಹಾಕಿದ್ದನ್ನು ಹಾಗೆ ಬಿಚ್ಚಲು ಬರುವುದಿಲ್ಲ. ಸಿಸೇರಿಯನ್ ಮಾಡಿ, ಮುಂದಿನ ಬಸುರಿಗೆ ಬೇಕಾದರೆ ಹೊಲಿಗೆಯ ಪಟ್ಟಿಯನ್ನು ಒಳಗೇ ಉಳಿಸುತ್ತಾರೆ. ಎರಡಕ್ಕೂ ಒಂದೇ ಹೆಸರು ಬಳಸಿ ಗೊಂದಲ ಮಾಡುವುದು ಅಪಾಯ: ಹೊಟ್ಟೆಯ ಕಡೆಯಿಂದ ಹೊಲಿಗೆ ಹಾಕಿಸಿಕೊಂಡವರು ನೋವು ಶುರುವಾದ ಮೇಲೆ ಮನೆಯಲ್ಲಿ ಕಾಯಬಾರದು.

ಅಪೆಂಡಿಕ್ಸ್, ಪಿತ್ತಕೋಶ, ತಿರುಚಿಕೊಂಡ ಅಂಡಾಶಯ ಇವಕ್ಕೆ ಸಾಮಾನ್ಯವಾಗಿ ಯಾವ ನಿರ್ಬಂಧವೂ ಇಲ್ಲ. ಆದರೂ ಎಲ್ಲರೂ ಕೇಳುವ ಪ್ರಶ್ನೆ ಒಂದು: ಮುಕ್ಕುವಾಗ ಹೊಲಿಗೆ ಬಿಟ್ಟುಹೋಗುತ್ತದಾ? ಇದಕ್ಕೆ "ಏನಾಗಲ್ಲ ಬಿಡಿ" ಅಂತ ಹೇಳಿ ಕಳಿಸುವುದು ತಪ್ಪು. ಗಾಯಕ್ಕೆ ಮೊದಲ ವಾರದ ಕೊನೆಗೆ ಸಹಜ ಬಲದ ಸುಮಾರು 10 ಶೇಕಡ ಬಂದಿರುತ್ತದೆ, ಮೂರು ತಿಂಗಳ ಹೊತ್ತಿಗೆ 70–80 ಶೇಕಡ. ನಡುವಿನ ವಾರಗಳಲ್ಲಿ ಭಾರ ಹೊರುವುದು ಸ್ನಾಯುವಿನ ಮೇಲಿನ ಗಟ್ಟಿ ಪದರಕ್ಕೆ ಹಾಕಿದ, ನಿಧಾನವಾಗಿ ಕರಗುವ ದಾರ. ಕೆಮ್ಮು, ವಾಂತಿ ಬಂದಾಗಲೂ ಅದೇ ದಾರ ಎಳೆತ ತಡೆಯುತ್ತಿರುತ್ತದೆ. ಸೋಂಕಿಲ್ಲದ, ಸರಿಯಾಗಿ ಹೊಲಿದ ಗಾಯ ಇದ್ದರೆ, ಆಪರೇಷನ್ ಆಗಿ ಸ್ವಲ್ಪೇ ದಿನವಾಗಿದೆ ಅನ್ನುವುದಷ್ಟೇ ಸಿಸೇರಿಯನ್‌ಗೆ ಕಾರಣವಾಗದು. ಸಿಸೇರಿಯನ್ ಅಂದರೆ ಮಾಯುತ್ತಿರುವ ಹೊಟ್ಟೆಯನ್ನು ಮತ್ತೆ ತೆರೆಯುವುದು ಅನ್ನುವುದನ್ನೂ ತೂಕಕ್ಕೆ ಹಾಕಬೇಕು. ರಕ್ತಸ್ರಾವ, ಸೋಂಕು, ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಭಯ ಎಲ್ಲ ಅದರ ಜೊತೆಗೇ ಬರುತ್ತವೆ.

ಗಾಯ ಇನ್ನೂ ಹಸಿಯಾಗಿದ್ದರೆ ಹೆರಿಗೆ ಕೋಣೆಯಲ್ಲಿ ಏನು ಮಾಡಬೇಕೆಂದು ಯೋಜನೆಯಲ್ಲಿ ಬರೆಸಿಕೊಳ್ಳಿ. ಗರ್ಭಕೋಶದ ಬಾಯಿ ಪೂರ್ತಿ ತೆರೆದುಕೊಂಡರೂ ತಕ್ಷಣ ಮುಕ್ಕಿಸದೆ, ಮಗು ತಾನಾಗಿ ಕೆಳಗಿಳಿಯಲು ಬಿಡುವುದು. ಉಸಿರು ಬಿಗಿಹಿಡಿಸದೆ, ಉಸಿರು ಬಿಡುತ್ತಾ ಚಿಕ್ಕದಾಗಿ ಮುಕ್ಕಿಸುವುದು. ಮಗ್ಗುಲಾಗಿ ಮಲಗಿಸಿ, ಗಾಯದ ಮೇಲೆ ಮಡಚಿದ ಟವೆಲ್ಲನ್ನು ಅಂಗೈಯಿಂದ ಒತ್ತಿಹಿಡಿಯುವುದು. ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿನ ಮೂಲಕ ಕೊಡುವ ಅರಿವಳಿಕೆ) ಇದ್ದರೆ ಇದೆಲ್ಲ ಸುಲಭ. ತೀರಾ ಬೇಕಾದರೆ ಮಗುವಿನ ತಲೆ ಹಿಡಿದು ಹೊರತೆಗೆಯುವ ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್‌ನಿಂದ ಮುಕ್ಕುವ ಹೊತ್ತನ್ನು ಕಡಿಮೆ ಮಾಡಬಹುದು. 34 ವಾರಕ್ಕೆ ಮುಂಚಿನ ಮಗುವಿಗೆ ವ್ಯಾಕ್ಯೂಮನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ.

ಎಷ್ಟೋ ಕ್ಲಿನಿಕ್‌ಗಳು ಎಡವುವುದು ಎಪಿಡ್ಯೂರಲ್ ವಿಚಾರದಲ್ಲೇ, ಏಕೆಂದರೆ ಅರಿವಳಿಕೆ ಡಾಕ್ಟರನ್ನು ಕೂರಿಸಿಕೊಂಡಿರುವುದಿಲ್ಲ. ಆಪರೇಷನ್ ನಂತರ ರಕ್ತ ಹೆಪ್ಪುಗಟ್ಟದಂತೆ ಹಲವರಿಗೆ ಲೋ ಮಾಲಿಕ್ಯುಲರ್ ವೇಟ್ ಹೆಪಾರಿನ್ ಇಂಜೆಕ್ಷನ್ ನಡೆಯುತ್ತಿರುತ್ತದೆ. ಮುನ್ನೆಚ್ಚರಿಕೆಯ ಡೋಸ್ ಆದರೆ ಕೊನೆಯ ಇಂಜೆಕ್ಷನ್ ಆಗಿ 12 ಗಂಟೆ, ಚಿಕಿತ್ಸೆಯ ಪೂರ್ಣ ಡೋಸ್ ಆದರೆ 24 ಗಂಟೆ ಕಳೆಯದೆ ಬೆನ್ನಿಗೆ ಸೂಜಿ ಹಾಕುವುದಿಲ್ಲ. ನೋವು ಬಂತು ಅನ್ನಿಸಿದರೆ ಮುಂದಿನ ಇಂಜೆಕ್ಷನ್ ತಗೊಳ್ಳದೆ ಫೋನ್ ಮಾಡಿ ಅಂತ ಮುಂಚೆಯೇ ಹೇಳದಿದ್ದರೆ, ಎಪಿಡ್ಯೂರಲ್ ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಅವಧಿಗೆ ಮುಂಚೆ ನೋವು ಬಂದರೆ ಏನು ಅನ್ನುವುದಕ್ಕೂ ಯೋಜನೆ ಬೇಕು. ಆಪರೇಷನ್ ಆದ ಮೊದಲ ವಾರ ಗರ್ಭಕೋಶ ಕೆರಳುವುದು ಹೆಚ್ಚು, ಅದರಲ್ಲೂ ಅಪೆಂಡಿಕ್ಸ್ ಒಡೆದು ಕೀವು ಹರಡಿದ್ದರೆ. 24ರಿಂದ 34 ವಾರದೊಳಗೆ ಹೆರಿಗೆ ಆಗಿಬಿಡುವ ಸೂಚನೆ ಇದ್ದರೆ ಮಗುವಿನ ಶ್ವಾಸಕೋಶಕ್ಕಾಗಿ ಬೀಟಾಮೆಥಸೋನ್ 12 ಮಿಲಿಗ್ರಾಂ, 24 ಗಂಟೆ ಬಿಟ್ಟು ಎರಡು ಸಲ ಕೊಡುತ್ತಾರೆ. ನವಜಾತ ಶಿಶುಗಳ ಐಸಿಯು ಇಲ್ಲದ ಕಡೆ ಹೆರಿಗೆ ಗೊತ್ತುಮಾಡಿದ್ದರೆ ಇದೇ ಹೊತ್ತಿನಲ್ಲಿ ಬದಲಿಸಬೇಕು. ಗಾಯದ ನೋವು ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ, ಕದಲಿದರೆ ಚುಚ್ಚುತ್ತದೆ. ಹೆರಿಗೆ ನೋವು ಅಲೆಯಂತೆ ಬಂದು ಹೊಟ್ಟೆ ಕಲ್ಲಾಗಿ, ಮತ್ತೆ ಸಡಿಲವಾಗುತ್ತದೆ. ಈ ವ್ಯತ್ಯಾಸವನ್ನು ಹೊಟ್ಟೆಯ ಮೇಲೆ ನಿಮ್ಮ ಕೈ ಇಡಿಸಿ ತೋರಿಸಿಕೊಡುವ ಸಿಸ್ಟರ್ ಸಿಕ್ಕರೆ ಆ ಭೇಟಿ ಸಾರ್ಥಕ. ಗಾಯದಿಂದ ತಿಳಿಗೆಂಪು ನೀರು ಹಠಾತ್ತನೆ ಸುರಿದರೆ, ಜ್ವರ 38 ಡಿಗ್ರಿ ದಾಟಿದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ಅಪೆಂಡಿಕ್ಸ್‌ನಂಥ ಸರಳ ಆಪರೇಷನ್ ಆಗಿ ತಿಂಗಳುಗಳೇ ಕಳೆದಿದ್ದು, ಗಾಯ ಚೆನ್ನಾಗಿ ಮಾಯ್ದಿದ್ದರೆ ಈ ವಿಶೇಷ ಕ್ಲಿನಿಕ್ ಬೇಕಿಲ್ಲ. ಮಾಮೂಲಿ ತಪಾಸಣೆಯಲ್ಲೇ ನೋಟ್ಸ್ ತೋರಿಸಿದರೆ ಆಯಿತು. ಗರ್ಭಕೋಶಕ್ಕೆ ಕೊಯ್ತ ಬಿದ್ದವರು, ಸ್ಟೋಮಾ (ಮಲ ಅಥವಾ ಮೂತ್ರ ಹೊರಹೋಗಲು ಹೊಟ್ಟೆಯ ಮೇಲೆ ಮಾಡಿದ ದಾರಿ) ಇರುವವರು, ಹೊಟ್ಟೆಯೊಳಗೆ ಕೀವಾಗಿದ್ದವರು ಮಾತ್ರ ಬಿಡಲೇಬಾರದು. ಅವರಿಗೆ 36ನೇ ವಾರದ ಎರಡನೇ ಭೇಟಿಯೂ ಬೇಕು. ಸಿಸೇರಿಯನ್ ಆದರೆ ಎಲ್ಲಿ ಕೊಯ್ಯುವುದು, ಕರುಳು ಅಂಟಿದ್ದರೆ ಕರೆದ ಕೂಡಲೇ ಬರುವ ಸರ್ಜನ್ ಯಾರು ಅನ್ನುವುದು ಆಗ ಇತ್ಯರ್ಥವಾಗಬೇಕು.

ಬಾಣಂತನದ ವಿಷಯದಲ್ಲಿ ಈ ಸೇವೆ ಇನ್ನೂ ಬಡವಾಗಿದೆ. ಮಗು ಹುಟ್ಟಿದಲ್ಲಿಗೆ ಯೋಜನೆಯ ಹಾಳೆ ಮುಗಿದುಬಿಡುತ್ತದೆ. ಮನೆಗೆ ಹೋಗುವ ಮುಂಚೆ ಹಳೆಯ ಗಾಯವನ್ನು ಒತ್ತಿ ನೋಡಬೇಕು, ಹೆಪಾರಿನ್ ಎಷ್ಟು ದಿನ ಮುಂದುವರಿಸಬೇಕೆಂದು ಬರೆದುಕೊಡಬೇಕು, ಕೆಮ್ಮಿದಾಗ ಗುರುತಿನ ಬಳಿ ಉಬ್ಬು ಕಂಡರೆ ಅದು ಹರ್ನಿಯಾ ಇರಬಹುದು, ಸರ್ಜನ್‌ಗೆ ತೋರಿಸಿ ಅಂತ ಹೇಳಬೇಕು. ಹಾಳೆಯಲ್ಲಿ ಇವು ಇಲ್ಲದಿದ್ದರೆ ಎದ್ದು ಬರುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ.