ಕಾರವಾರದ ಹವೆಗೆ ಕೆರಾಟಿನ್ ಟ್ರೀಟ್‌ಮೆಂಟ್ ತಡೆಯುತ್ತದೆಯೇ?

ಮಳೆಗಾಲದ ಕಾರವಾರದಲ್ಲಿ ಬಾಚಿದ ಕೂದಲು ಅರ್ಧ ಗಂಟೆ ನಿಲ್ಲುವುದಿಲ್ಲ. ತೇವ ಹೀರಿ ಕೆದರಿಕೊಳ್ಳುತ್ತದೆ. ಈ ಒಂದು ತೊಂದರೆಗೆ ಕೆರಾಟಿನ್, ಅಂದರೆ ಪಾರ್ಲರಿನಲ್ಲಿ ಕ್ರೀಮ್ ಹಚ್ಚಿ ಶಾಖ ಕೊಟ್ಟು ಕೂದಲನ್ನು ನಯವಾಗಿಸುವ ಕ್ರಮ, ಒಳ್ಳೆಯದೇ. ಉದುರುವಿಕೆಗೆ, ಹೊಟ್ಟಿಗೆ ಇದು ಮದ್ದಲ್ಲ, ಪಾರ್ಲರಿನವರು ಏನೇ ಹೇಳಲಿ.

ಮೊದಲು ಜಿಡ್ಡು ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂವಿನಲ್ಲಿ ಎರಡು ಸಲ ತೊಳೆದು, ಕಂಡೀಷನರ್ ಹಚ್ಚದೆ ಒಣಗಿಸಬೇಕು. ದಿನಾ ತೆಂಗಿನೆಣ್ಣೆ ಕುಡಿದ ನಮ್ಮ ಕಡೆಯ ತಲೆಗಳಿಗೆ ಮೂರನೇ ಸಲವೂ ಬೇಕಾದೀತು. ಜಿಡ್ಡು ಉಳಿದರೆ ಕ್ರೀಮ್ ಸರಿಯಾಗಿ ಹಿಡಿಯದೆ ಬೇಗ ತೊಳೆದುಹೋಗುತ್ತದೆ. ಬುಡದಿಂದ ಒಂದು ಸೆಂಟಿಮೀಟರ್ ಬಿಟ್ಟೇ ಹಚ್ಚಬೇಕು. ಆಮೇಲೆ ತೆಳು ತೆಳು ಎಳೆ ಹಿಡಿದು ಸ್ಟ್ರೇಟನರ್ ಎಳೆಯುತ್ತಾರೆ: ದಪ್ಪ ಕೂದಲಿಗೆ 210–230 ಡಿಗ್ರಿ. ಬಣ್ಣ ಹಾಕಿದ ಕೂದಲಿಗೂ ಅದೇ ಶಾಖ ಕೊಟ್ಟರೆ ತುದಿ ಸುಟ್ಟು ಸೀಳುತ್ತದೆ. 190ರ ಆಸುಪಾಸು ಸಾಕು.

ಡಬ್ಬಿಯ ಹಿಂಬದಿ ಓದಿಯೇ ಕೂರಿ. ಫಾರ್ಮಾಲ್ಡಿಹೈಡ್ ಅಥವಾ ಮೀಥಿಲೀನ್ ಗ್ಲೈಕಾಲ್ ಇದ್ದರೆ ಕಾಯಿಸುವಾಗ ಹೊಗೆ ಎದ್ದು ಕಣ್ಣು, ಗಂಟಲು ಉರಿಯುತ್ತದೆ. ಕಿಟಕಿ ಮುಚ್ಚಿದ ಎಸಿ ಕೋಣೆಯಾದರೆ ಎದ್ದು ಬನ್ನಿ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಮಾರುವ ಎಷ್ಟೋ ಕ್ರೀಮುಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲವಿದೆ. ಅದು ಹಾಕಿದ ಬಣ್ಣವನ್ನು ಮಾಸಿಸುತ್ತದೆ. ಅದರಿಂದ ಕಿಡ್ನಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ಈ ಗೋಜಿಗೇ ಹೋಗಬೇಡಿ.

ಹೆಚ್ಚಿನ ಕ್ರೀಮುಗಳಿಗೆ ಮೂರು ದಿನ ತಲೆ ತೋಯಿಸುವಂತಿಲ್ಲ, ಕಿವಿಯ ಹಿಂದೆ ಸಿಕ್ಕಿಸುವಂತೆಯೂ ಇಲ್ಲ, ಗೆರೆ ಬೀಳುತ್ತದೆ. ಜುಲೈ ಮಳೆಯಲ್ಲಿ ಇದು ಆಗುವ ಮಾತಲ್ಲ. ಮೇ ಮೊದಲ ವಾರದಲ್ಲೇ ಮುಗಿಸಿಕೊಳ್ಳಿ. ಸಲ್ಫೇಟ್ ಇಲ್ಲದ ಶಾಂಪೂ ಬಳಸಿದರೆ ಮೂರು-ನಾಲ್ಕು ತಿಂಗಳು ಬರುತ್ತದೆ. ಸಮುದ್ರಕ್ಕಿಳಿದ ದಿನ ಉಪ್ಪು ಒಣಗುವ ಮೊದಲೇ ಸಿಹಿನೀರಲ್ಲಿ ತೊಳೆದುಬಿಡಿ.