ಕೆರಿಬಿಯನ್ ಬೀಚಿನಲ್ಲಿ ಕಳೆದ ಉಂಗುರ: ಯಾವ ಮರಳಿಗೆ ಯಾವ ಡಿಟೆಕ್ಟರ್?

ಮಾರ್ಟಿನಿಕ್ ದ್ವೀಪದ ನೈಋತ್ಯ ದಂಡೆಯಲ್ಲಿ ಆನ್ಸ್ ದ್ಯುಫೂರ್, ಆನ್ಸ್ ನುವಾರ್ ಎಂಬ ಎರಡು ಪುಟ್ಟ ಕೊಲ್ಲಿಗಳು ಅಕ್ಕಪಕ್ಕದಲ್ಲಿವೆ. ಮೊದಲನೆಯದರ ಮರಳು ತಿಳಿ ಬಣ್ಣದ್ದು, ಎರಡನೆಯದರದು ಕಪ್ಪು. ತಿಳಿ ಮರಳಿನಲ್ಲಿ ಗೇಣುದ್ದ ಆಳದ ಉಂಗುರವನ್ನು ಸ್ಪಷ್ಟವಾಗಿ ಹೇಳುವ ಮೆಟಲ್ ಡಿಟೆಕ್ಟರೇ ಕಪ್ಪು ಮರಳಿಗೆ ಬಂದರೆ ಹೆಜ್ಜೆಹೆಜ್ಜೆಗೂ ಸುಮ್ಮಸುಮ್ಮನೆ ಕಿರುಚುತ್ತದೆ. ಕಿರುಚಾಟ ತಡೆಯಲು ಸೆನ್ಸಿಟಿವಿಟಿ ಇಳಿಸಿದರೆ ಉಂಗುರಕ್ಕೂ ಮೂಗನಾಗುತ್ತದೆ. ಅದಕ್ಕೇ ‘ಯಾವ ಮೆಷಿನ್ ಒಳ್ಳೆಯದು’ ಎಂದು ಕೇಳಿ ಬಂದವರನ್ನು ನಾವು ಮೊದಲು ‘ಉಂಗುರ ಯಾವ ಮರಳಿಗೆ ಬಿತ್ತು’ ಎಂದು ಕೇಳುತ್ತೇವೆ.

ಇಲ್ಲಿ ಹೋಲಿಸಿರುವುದು ಮೂರು ಬಗೆಯ ಡಿಟೆಕ್ಟರ್‌ಗಳನ್ನು: ಒಂದೇ ಆವರ್ತನದ ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ, ಅಂದರೆ ಅತಿ ಕಡಿಮೆ ಆವರ್ತನ), ಒಟ್ಟಿಗೇ ಹಲವು ಆವರ್ತನಗಳಲ್ಲಿ ಕೆಲಸ ಮಾಡುವ ಮಲ್ಟಿ-ಫ್ರೀಕ್ವೆನ್ಸಿ, ಮತ್ತು ಪಲ್ಸ್ ಇಂಡಕ್ಷನ್, ಅಂದರೆ ಪಿಐ. ಹೂತಿಟ್ಟು ನೋಡಲು ಬಳಸಿದ್ದು ಗಾಳದ ನೈಲಾನ್ ದಾರ ಕಟ್ಟಿದ ಉಂಗುರಗಳು: 2 ಗ್ರಾಂ ತೂಕದ 14 ಕ್ಯಾರೆಟ್ ತೆಳು ಉಂಗುರ, 6 ಗ್ರಾಂನ 18 ಕ್ಯಾರೆಟ್ ದಪ್ಪ ಉಂಗುರ, ಒಂದು ಪ್ಲಾಟಿನಂ, ಒಂದು ಬೆಳ್ಳಿ ಕಾಲುಂಗುರ. ದಾರ ಕಟ್ಟದೆ ಪರೀಕ್ಷೆಗೆ ಇಳಿಯಬೇಡಿ. ಹುಡುಕಬೇಕಾದ ಉಂಗುರ ಒಂದಿದ್ದದ್ದು ಎರಡಾಗುತ್ತದೆ.

ಜನ ಮೊದಲು ಕೈಹಾಕುವ ಎರಡು ಉಪಾಯಗಳನ್ನು ಬೇಗ ಮುಗಿಸಿಬಿಡೋಣ. ಅಯಸ್ಕಾಂತ ದಂಡ: ಚಿನ್ನ, ಬೆಳ್ಳಿ, ಪ್ಲಾಟಿನಂ, ಟೈಟಾನಿಯಂ ಯಾವುದನ್ನೂ ಅದು ಎಳೆಯುವುದಿಲ್ಲ. ಜರಡಿ: ಉಂಗುರ ಬಿದ್ದದ್ದು ಒಣ ಮರಳಿಗೆ, ಅದೂ ಹಾಸಿದ್ದ ಟವೆಲ್ಲಿನ ಸುತ್ತ ಎಂದು ಖಚಿತವಿದ್ದರೆ ಡಿಟೆಕ್ಟರ್ ಬರುವ ಮೊದಲೇ ಕೆಲಸ ಮುಗಿಸಬಹುದು. 8 ಮಿಲಿಮೀಟರ್ ಕಣ್ಣಿನ ಜಾಲರಿ ಸಾಕು. ಮೇಲಿನ 10 ಸೆಂಟಿಮೀಟರ್ ಮರಳನ್ನು ಹೊರ ಅಂಚಿನಿಂದ ಒಳಕ್ಕೆ ಬಳಿಯುತ್ತ ಬನ್ನಿ. ನಡುವಿನಿಂದ ಶುರುಮಾಡಿದರೆ ಹುಡುಕದ ಜಾಗವನ್ನು ನೀವೇ ತುಳಿಯುತ್ತೀರಿ. ಒದ್ದೆ ಮರಳಿಗೆ ಜರಡಿಯ ಮಾತೇ ಬೇಡ, ಮುದ್ದೆ ಕಟ್ಟುತ್ತದೆ.

ಒಣ ಬಿಳಿ ಮರಳು

ಗ್ರ್ಯಾಂಡ್ ಕೇಮನ್‌ನ ಸೆವೆನ್ ಮೈಲ್ ಬೀಚ್, ಅರೂಬಾದ ಈಗಲ್ ಬೀಚ್‌ನಂಥ ಕಡೆ ಮರಳು ಎಂದರೆ ಹವಳ ಮತ್ತು ಚಿಪ್ಪು ಪುಡಿಯಾದದ್ದು. ಅದರಲ್ಲಿ ಕಬ್ಬಿಣದಂಶ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ 12ರಿಂದ 15 ಕಿಲೋಹರ್ಟ್ಸ್‌ನ ಸಾಧಾರಣ ವಿಎಲ್‌ಎಫ್ ಯಂತ್ರ ದುಬಾರಿ ಮಲ್ಟಿಗೆ ಹೆಗಲೆಣೆಯಾಗಿ ನಿಲ್ಲುತ್ತದೆ. 11 ಇಂಚಿನ ಕಾಯಿಲ್‌ನಲ್ಲಿ (ಯಂತ್ರದ ತುದಿಯಲ್ಲಿದ್ದು ನೆಲದ ಮೇಲೆ ಬೀಸುವ ತಟ್ಟೆ) ತೆಳು ಉಂಗುರ 15ರಿಂದ 18 ಸೆಂಟಿಮೀಟರ್, ದಪ್ಪ ಉಂಗುರ 22ರಿಂದ 25 ಸೆಂಟಿಮೀಟರ್ ಆಳದವರೆಗೂ ಸಿಕ್ಕಿತು. ಎರಡು ಯಂತ್ರಗಳ ನಡುವಿನ ಅಂತರ ಒಂದೆರಡು ಬೆರಳು ಮಾತ್ರ. ಬಾಡಿಗೆಗೆ ಸಿಕ್ಕ ಹಳೆಯ ಯಂತ್ರವಾದರೂ ಒಣ ಮರಳಿಗೆ ಧಾರಾಳ ಸಾಕು.

ಪಿಐ ಮಾತ್ರ ಇಲ್ಲಿ ಶಿಕ್ಷೆ. ಅದಕ್ಕೆ ಕಬ್ಬಿಣ ಯಾವುದು, ಚಿನ್ನ ಯಾವುದು ಎಂಬ ಭೇದ ಸರಿಯಾಗಿ ತಿಳಿಯದು. ಟವೆಲ್ ಹಾಸುವ ಪಟ್ಟಿಯಲ್ಲಿ ಹೇರ್‌ಪಿನ್, ಬಿಯರ್ ಮುಚ್ಚಳ, ಕುರ್ಚಿಯ ಮೊಳೆ ಎಲ್ಲಕ್ಕೂ ಅಗೆಸುತ್ತದೆ. ಉದ್ದನೆಯ ಹೇರ್‌ಪಿನ್ ಸಾಮಾನ್ಯವಾಗಿ ಜೋಡಿ ಸದ್ದು ಕೊಡುತ್ತದೆ, ಉಂಗುರ ಒಂದೇ ದುಂಡನೆಯ ಸದ್ದು. ಆದರೆ ಆಳವಿದ್ದಾಗ ಈ ಗುರುತನ್ನೂ ನಂಬುವಂತಿಲ್ಲ.

ಒದ್ದೆ ಪಟ್ಟಿ ಮತ್ತು ಸೊಂಟದುದ್ದ ನೀರು

ಇಲ್ಲಿ ಲೆಕ್ಕವೇ ಬದಲು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಒದ್ದೆ ಮರಳೇ ಒಂದು ದೊಡ್ಡ ಲೋಹದ ಹಾಳೆಯಂತೆ ಯಂತ್ರಕ್ಕೆ ಕೇಳಿಸುತ್ತದೆ. ಒಂದೇ ಆವರ್ತನದ ವಿಎಲ್‌ಎಫ್ ಅದನ್ನು ಸುಮ್ಮನಾಗಿಸಲು ಸೆನ್ಸಿಟಿವಿಟಿಯನ್ನು ಸಾಕಷ್ಟು ಇಳಿಸಬೇಕು, ಆಗ ಆಳವೂ ಕುಗ್ಗುತ್ತದೆ. ಅಷ್ಟರ ಮೇಲೂ ನೊರೆ ಬಂದು ಕಾಯಿಲ್ ತೊಳೆದು ಹೋಗುವಾಗೆಲ್ಲ ಸುಳ್ಳು ಸದ್ದು. ತೆಳು ಚಿನ್ನದ ಸದ್ದು ಉಪ್ಪಿನ ಸದ್ದಿನ ಆಸುಪಾಸಿನಲ್ಲೇ ಬರುವುದರಿಂದ ಮೊದಲು ಬಲಿಯಾಗುವುದು ಹೆಂಗಸರ ತೆಳು ಉಂಗುರವೇ.

ಮಲ್ಟಿ-ಫ್ರೀಕ್ವೆನ್ಸಿ ಯಂತ್ರ ಬೇರೆ ಬೇರೆ ಆವರ್ತನಗಳಲ್ಲಿ ಬಂದ ಉತ್ತರಗಳನ್ನು ಹೋಲಿಸಿ ಉಪ್ಪಿನ ಪಾಲನ್ನು ಕಳೆದುಬಿಡುತ್ತದೆ. ಒದ್ದೆ ಬಿಳಿ ಮರಳಿನಲ್ಲಿ ತೆಳು ಉಂಗುರ 15, ದಪ್ಪ ಉಂಗುರ 25 ಸೆಂಟಿಮೀಟರ್‌ವರೆಗೆ ನಿಶ್ಚಿಂತೆಯಾಗಿ ಕೇಳಿಸಿತು. ಈ ಬಗೆಯದೇ ಆದ ಮೈನ್‌ಲ್ಯಾಬ್ ಎಕ್ವಿನಾಕ್ಸ್ 800 ಯಂತ್ರದಲ್ಲಿ ಒಣ ಮತ್ತು ಒದ್ದೆ ಮರಳಿಗೆ ಬೀಚ್ 1 ಎಂಬ ಮೋಡ್, ಅಲೆಯ ಒಳಗೆ ಮತ್ತು ನೀರಡಿಗೆ ಬೀಚ್ 2. ಸೆನ್ಸಿಟಿವಿಟಿ ಗರಿಷ್ಠ 25ರಲ್ಲಿ 18ರಿಂದ 20ಕ್ಕೆ ಇಡಿ. ಅದಕ್ಕೂ ಮೊದಲು ಕಾಯಿಲ್ ಅಲುಗಿಸದೆ ಹಿಡಿದು, ಸುತ್ತಲಿನ ವಿದ್ಯುತ್ ಗದ್ದಲ ತಪ್ಪಿಸುವ ನಾಯ್ಸ್ ಕ್ಯಾನ್ಸಲ್ ಒತ್ತಿ. ಬೀಚ್ 1ನ್ನೇ ನೀರಿಗೆ ಇಳಿಸಿ ‘ಮೆಷಿನ್ ಕೆಟ್ಟಿದೆ’ ಅನ್ನುವವರೇ ಹೆಚ್ಚು.

ಎಷ್ಟು ಆಳದ ನೀರು ಎಂಬುದನ್ನೂ ನೋಡಿ. ಎಕ್ವಿನಾಕ್ಸ್ 800ಕ್ಕೆ 3 ಮೀಟರ್, 900ಕ್ಕೆ 5 ಮೀಟರ್, ಎಕ್ಸ್‌ಪಿ ಡಿಯುಸ್ 2ಕ್ಕೆ 20 ಮೀಟರ್ ಮಿತಿ. ದೋಣಿಯಿಂದ ಜಿಗಿಯುವಾಗ ಜಾರಿದ ಉಂಗುರಕ್ಕೆ ಎಕ್ಸ್‌ಕ್ಯಾಲಿಬರ್ 2 ಅಥವಾ ಗ್ಯಾರೆಟ್ ಸೀ ಹಂಟರ್ ಮಾರ್ಕ್ 2 ಬೇಕು. ಎರಡೂ 200 ಅಡಿಯವರೆಗೆ ತಾಳುತ್ತವೆ. ವೈರ್‌ಲೆಸ್ ಹೆಡ್‌ಫೋನ್ ನೀರಿನೊಳಗೆ ಕೆಲಸಕ್ಕೆ ಬಾರದು, ರೇಡಿಯೋ ಅಲೆ ಉಪ್ಪುನೀರನ್ನು ದಾಟದು. ತಂತಿಯದ್ದೇ ಬೇಕು.

ಕಪ್ಪು ಮರಳು

ಸೇಂಟ್ ಲೂಸಿಯಾದ ಆನ್ಸ್ ಷಾಸ್ಟನೇ, ಮಾಂಟ್ಸೆರಾಟ್‌ನ ಬಹುತೇಕ ಎಲ್ಲ ದಂಡೆಗಳು: ಇಲ್ಲಿನ ಮರಳು ಜ್ವಾಲಾಮುಖಿಯ ಕೊಡುಗೆ, ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಬೆರೆತಿರುತ್ತದೆ. ವಿಎಲ್‌ಎಫ್ ಯಂತ್ರವನ್ನು ಉಪ್ಪಿಗೆ ಹೊಂದಿಸಿದರೆ ಮ್ಯಾಗ್ನೆಟೈಟ್ ಕೂಗುತ್ತದೆ, ಮ್ಯಾಗ್ನೆಟೈಟ್‌ಗೆ ಹೊಂದಿಸಿದರೆ ಉಪ್ಪು ಕೂಗುತ್ತದೆ. ಮಲ್ಟಿ ಎರಡನ್ನೂ ಒಂದು ಮಟ್ಟಕ್ಕೆ ಸಂಭಾಳಿಸುತ್ತದೆ, ಆದರೆ ಆಳ ಕುಗ್ಗುತ್ತದೆ. ಅದನ್ನೇ ಬಳಸುವುದಾದರೆ 6 ಇಂಚಿನ ಚಿಕ್ಕ ಕಾಯಿಲ್ ಹಾಕಿ, ಏಕೆಂದರೆ ಅದು ಒಮ್ಮೆಗೆ ನೋಡುವ ಕಪ್ಪು ಮರಳೇ ಕಡಿಮೆ. ಕಾಯಿಲನ್ನು ನೆಲದಿಂದ ಮೂರು ಬೆರಳು ಎತ್ತಿ ಹಿಡಿದು, ನಿಧಾನವಾಗಿ ಬೀಸಿ. ಕಾಯಿಲ್ ಕವರ್ ಬಿಚ್ಚಿ ತೊಳೆಯುವುದನ್ನು ಮರೆಯಬೇಡಿ: ಒಳಗೆ ಹಿಡಿ ಕಪ್ಪು ಮರಳು ಸೇರಿಕೊಂಡರೆ ಅದೇ ದಿನವಿಡೀ ಸುಳ್ಳು ಹೇಳುತ್ತದೆ.

ಇಲ್ಲಿ ಗೆಲ್ಲುವುದು ಪಿಐ. ಅದು ಒಂದು ಬಲವಾದ ಪಲ್ಸ್ ಕಳಿಸಿ, ಮೈಕ್ರೋಸೆಕೆಂಡುಗಳಷ್ಟು ಕಾದು, ಆಮೇಲೆ ಕಿವಿಗೊಡುತ್ತದೆ. ಅಷ್ಟರಲ್ಲಿ ಉಪ್ಪಿನ ಮಾರ್ದನಿ ಸತ್ತಿರುತ್ತದೆ, ಮ್ಯಾಗ್ನೆಟೈಟ್ ಹೆಚ್ಚೇನೂ ಹೇಳುವುದಿಲ್ಲ, ದಪ್ಪ ಉಂಗುರದಲ್ಲಿ ಸುತ್ತುವ ಕರೆಂಟ್ ಮಾತ್ರ ಇನ್ನೂ ಉಳಿದಿರುತ್ತದೆ. ದಪ್ಪ ಉಂಗುರ ಕಪ್ಪು ಮರಳಿನಲ್ಲೂ 30 ಸೆಂಟಿಮೀಟರ್ ಆಳದಿಂದ ಉತ್ತರ ಕೊಟ್ಟಿತು. ಕಾಯುವ ಹೊತ್ತನ್ನು ಹೆಚ್ಚಿಸಿದರೆ ಯಂತ್ರ ಇನ್ನಷ್ಟು ಶಾಂತವಾಗುತ್ತದೆ, ಆದರೆ ತೆಳು ಉಂಗುರದ ಮಾರ್ದನಿಯೂ ಬೇಗ ಸಾಯುವುದರಿಂದ ಅದು ಪೂರ್ತಿ ತಪ್ಪಿಹೋಗುತ್ತದೆ. ಕಳೆದದ್ದು ತೆಳು ಉಂಗುರವಾದರೆ ಈ ಡಿಲೇಯನ್ನು ಕನಿಷ್ಠಕ್ಕೆ ಇಳಿಸಿ, ಸುಳ್ಳು ಸದ್ದನ್ನು ಸಹಿಸಿಕೊಳ್ಳಿ.

ಉಂಗುರಕ್ಕೆ ತಕ್ಕ ಕಿವಿ

ಸಿಕ್ಕ ಲೋಹ ಯಾವ ಬಗೆಯದೆಂದು ಊಹಿಸಲು ಎಕ್ವಿನಾಕ್ಸ್ 800ರ ಪರದೆ ತೋರಿಸುವ ಅಂಕಿ -9ರಿಂದ 40ರವರೆಗೆ ಓಡುತ್ತದೆ. ತೆಳು 14 ಕ್ಯಾರೆಟ್ ಉಂಗುರ ಒಂದಂಕಿಯಲ್ಲೇ, ಅಲ್ಯೂಮಿನಿಯಂ ಫಾಯಿಲ್ ಬರುವ ಕಡೆಯೇ ಬರುತ್ತದೆ. ಗಂಡಸರ ದಪ್ಪ ಉಂಗುರ 12ರಿಂದ 18ರೊಳಗೆ. ಸೋಡಾ ಕ್ಯಾನಿನ ಕಿವಿಯೂ ಅಲ್ಲೇ ಬರುತ್ತದೆ. ಆದ್ದರಿಂದ ಚಿನ್ನ ಬೇಕಾದವರು ಫಾಯಿಲನ್ನು ಡಿಸ್ಕ್ರಿಮಿನೇಟ್ ಮಾಡಿ, ಅಂದರೆ ಅದರ ಅಂಕಿಗಳಿಗೆ ಸದ್ದು ಮಾಡದಂತೆ ಹೊಂದಿಸಿ, ಮುಚ್ಚುವಂತಿಲ್ಲ. ಕಬ್ಬಿಣವನ್ನಷ್ಟೇ ಮುಚ್ಚಿ, ಉಳಿದ ಎಲ್ಲವನ್ನೂ ಅಗೆಯಿರಿ.

ನಮ್ಮವರ ಒಡವೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇಂಗ್ಲಿಷಿನ ಕೈಪಿಡಿಗಳಲ್ಲಿ ಇದು ಸಿಗದು. 22 ಕ್ಯಾರೆಟ್ ಚಿನ್ನದಲ್ಲಿ ಬೆರಕೆ ಕಡಿಮೆ, ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಅದೇ ಗಾತ್ರದ 14 ಕ್ಯಾರೆಟ್‌ಗಿಂತ ಅಂಕಿ ಮೇಲೆ ಬರುತ್ತದೆ. ಕಾಲುಂಗುರ ಬೆಳ್ಳಿಯದಾದ್ದರಿಂದ ಜೋರಾಗಿ ಕೂಗಬೇಕಿತ್ತು. ಆದರೆ ಅದರ ಬಾಯಿ ತೆರೆದಿರುತ್ತದೆ. ಸುತ್ತು ಪೂರ್ತಿಯಾಗದ ಕಡೆ ಕರೆಂಟ್ ಸುತ್ತು ಹೊಡೆಯಲಾರದು, ಹಾಗಾಗಿ ಮುಚ್ಚಿದ ಉಂಗುರಕ್ಕಿಂತ ಸದ್ದು ಬಹಳ ಸಣ್ಣದು, ಆಳವೂ ಕಡಿಮೆ. ಮಾಂಗಲ್ಯದ ಸರ ಇನ್ನೂ ಕಷ್ಟ: ಸಣ್ಣ ಕೊಂಡಿಗಳ ಸಾಲನ್ನು ಯಂತ್ರ ಒಂದೊಂದೇ ಕೊಂಡಿಯಾಗಿ ನೋಡುತ್ತದೆ. ಕೂಗುವುದು ತಾಳಿಯ ಬೊಟ್ಟು ಮಾತ್ರ. ಸರ ಕಳೆದಿದ್ದರೆ ಆ ಬೊಟ್ಟಿನಷ್ಟೇ ಗಾತ್ರದ ಚೂರನ್ನು ಹೂತು ಮೊದಲು ಅದರ ಸದ್ದು ಕೇಳಿಸಿಕೊಳ್ಳಿ.

ಸ್ಕೂಪ್

ಸೊಂಟದುದ್ದ ನೀರಿನಲ್ಲಿ ಡಿಟೆಕ್ಟರ್ ಅರ್ಧ ಕೆಲಸ ಮಾಡಿದರೆ ಉಳಿದರ್ಧ ಸ್ಕೂಪಿನದು, ಅಂದರೆ ಮರಳು ಬಾಚಿ ಸೋಸುವ ತೂತುಬುಟ್ಟಿಯದು. ಪ್ಲಾಸ್ಟಿಕ್ ಸ್ಕೂಪ್ ಒಣ ಮರಳಿಗೆ ಮಾತ್ರ. ನೀರಿಗೆ ಉದ್ದ ಹಿಡಿಯ ಸ್ಟೇನ್‌ಲೆಸ್ ಸ್ಟೀಲ್ ಸ್ಕೂಪ್ ಬೇಕು. 10ರಿಂದ 12 ಮಿಲಿಮೀಟರ್‌ನ ದುಂಡು ಅಥವಾ ಷಟ್ಕೋನದ ತೂತುಗಳಿರುವುದನ್ನೇ ಆರಿಸಿ. ಉದ್ದನೆಯ ಸೀಳುಗಳಿರುವ ಬುಟ್ಟಿಯಲ್ಲಿ ಉಂಗುರ ಅಡ್ಡಲಾಗಿ ತಿರುಗಿ ಜಾರಿಹೋಗುತ್ತದೆ. ಕಿವಿಯ ಓಲೆ ಹುಡುಕುವುದಾದರೆ ತೂತು ಇನ್ನೂ ಚಿಕ್ಕದಿರಬೇಕು, ಆಗ ಮರಳು ಇಳಿಯುವುದು ನಿಧಾನ.

ಸದ್ದು ಸಿಕ್ಕ ಬಿಂದುವಿನ ಮೇಲೆ ಕಾಯಿಲಿನ ನಡುವನ್ನು ನಿಲ್ಲಿಸಿ, ಪಾದದ ತುದಿಯನ್ನು ಕಾಯಿಲಿನ ಹಿಂಬದಿಗೆ ತಾಗಿಸಿ, ಆಮೇಲೆ ಕಾಯಿಲ್ ತೆಗೆಯಿರಿ. ಬಿಂದುವಿನಿಂದ ಒಂದು ಗೇಣು ಹಿಂದೆ ಸ್ಕೂಪ್ ಊರಿ, ಹಿಮ್ಮಡಿಯಿಂದ ಒತ್ತಿ, ಹಿಡಿಯನ್ನು ನಿಮ್ಮತ್ತ ಬಾಗಿಸಿ ಎತ್ತಿ. ನೇರ ಬಿಂದುವಿನ ಮೇಲೇ ಊರಿದರೆ ಸ್ಕೂಪಿನ ಅಲಗು ಉಂಗುರವನ್ನು ಸೊಟ್ಟ ಮಾಡುತ್ತದೆ, ಹರಳು ಒಡೆಯುತ್ತದೆ. ಬುಟ್ಟಿಯನ್ನು ನೀರಿನೊಳಗೇ ಅಲುಗಿಸಿ ಮರಳು ಇಳಿಸಿ, ಮೇಲೆತ್ತಬೇಡಿ. ಗುಂಡಿಯ ಮೇಲೆ ಮತ್ತೆ ಕಾಯಿಲ್ ಬೀಸಿ. ಸದ್ದು ಇನ್ನೂ ಇದ್ದರೆ ಉಂಗುರ ಗುಂಡಿಯಲ್ಲೇ ಇದೆ, ಇಲ್ಲವಾದರೆ ಬುಟ್ಟಿಯಲ್ಲಿದೆ. ಈ ಎರಡನೇ ಬೀಸು ಬಿಟ್ಟವರು ಬುಟ್ಟಿಯ ಚಿಪ್ಪು ಕೆದಕುತ್ತ ನಿಂತಿರುತ್ತಾರೆ, ಅಷ್ಟರಲ್ಲಿ ನಾಲ್ಕು ಅಲೆ ಬಂದು ಗುಂಡಿ ಮುಚ್ಚಿರುತ್ತದೆ.

ಮೊದಲ ಹತ್ತು ನಿಮಿಷ

ಉಂಗುರ ಜಾರಿದ್ದು ಗೊತ್ತಾದ ಕೂಡಲೇ ಒಬ್ಬರು ಆ ಜಾಗದಲ್ಲೇ ನಿಲ್ಲಲಿ. ಕಾಲಲ್ಲಿ ಕೆದಕಬೇಡಿ: ಒದ್ದೆ ಮರಳನ್ನು ಕಲಕಿದಷ್ಟೂ ಅದು ಸಡಿಲವಾಗಿ, ಮರಳಿಗಿಂತ ಐದಾರು ಪಟ್ಟು ಸಾಂದ್ರತೆಯ ಚಿನ್ನ ಕೆಳಗಿಳಿಯುತ್ತದೆ. ಫೋನಿನ ಜಿಪಿಎಸ್ ಬಯಲಿನಲ್ಲೂ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಅದನ್ನೊಂದೇ ನೆಚ್ಚಬೇಡಿ. ನಿಂತಲ್ಲಿಂದ ದಡದತ್ತ ಎರಡು ಫೋಟೋ ತೆಗೆಯಿರಿ, ಪ್ರತಿಯೊಂದರಲ್ಲೂ ಹತ್ತಿರದ ಒಂದು ಮರ ಮತ್ತು ಅದರ ಹಿಂದಿನ ಒಂದು ಕಟ್ಟಡದ ಮೂಲೆ ಒಂದೇ ಗೆರೆಯಲ್ಲಿ ಬರಲಿ. ಎರಡು ಗೆರೆ ಕೂಡುವ ಜಾಗವೇ ನಿಮ್ಮ ಜಾಗ. ಇಂಥ ಎರಡು ಫೋಟೋ ಯಾವ ದುಬಾರಿ ಯಂತ್ರಕ್ಕಿಂತಲೂ ಹೆಚ್ಚು ಬೆಲೆಬಾಳುತ್ತವೆ.

ಆಮೇಲೆ ಹಗ್ಗ ಕಟ್ಟಿ 10 ಮೀಟರ್ ಚೌಕ ಮಾಡಿ, ಒಂದೊಂದು ಮೀಟರ್ ಅಗಲದ ಹತ್ತು ಸಾಲು. 11 ಇಂಚಿನ ಕಾಯಿಲ್ ಆಳದಲ್ಲಿ ನೋಡುವ ಅಗಲ ಕಿರಿದಾಗುತ್ತ ಹೋಗುವುದರಿಂದ ಪ್ರತಿ ಬೀಸಿಗೂ ಅರ್ಧ ಕಾಯಿಲ್, ಅಂದರೆ 14 ಸೆಂಟಿಮೀಟರ್ ಮಾತ್ರ ಮುಂದೆ ಹೋಗಿ. ಸಾಲಿಗೆ 70ರಂತೆ ಒಟ್ಟು 700 ಬೀಸು; ಅಗೆಯುವುದು ಬಿಟ್ಟು ಅರ್ಧ ಗಂಟೆ. ಸಿಗದಿದ್ದರೆ ಅದೇ ಚೌಕವನ್ನು ಅಡ್ಡದಿಕ್ಕಿಗೆ ಮತ್ತೊಮ್ಮೆ ಮಾಡಿ, ಅಂಚಿನ ಮೇಲೆ ನಿಂತ ಉಂಗುರ ಒಂದು ದಿಕ್ಕಿನಿಂದ ಮೂಗನಾಗಿದ್ದು ಇನ್ನೊಂದು ದಿಕ್ಕಿನಿಂದ ಮಾತಾಡಬಹುದು.

ಯಂತ್ರ ಚೀಲದಿಂದ ತೆಗೆಯುವ ಮೊದಲು ಆ ನೆಲದ ಕಾನೂನು ಕೇಳಿ. ಸೇಂಟ್ ಜಾನ್‌ನ ಟ್ರಂಕ್ ಬೇ ಅಮೆರಿಕದ ವರ್ಜಿನ್ ಐಲ್ಯಾಂಡ್ಸ್ ನ್ಯಾಷನಲ್ ಪಾರ್ಕಿನೊಳಗಿದೆ; ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಮೆಟಲ್ ಡಿಟೆಕ್ಟರ್ ಬಳಸುವುದು ನಿಷಿದ್ಧ, ಅಲ್ಲಿ ರೇಂಜರ್‌ಗಳಿಗೆ ಹೇಳುವುದೇ ದಾರಿ. ಮಾರ್ಟಿನಿಕ್, ಗ್ವಾದಲೂಪ್‌ನಲ್ಲಿ ಫ್ರಾನ್ಸಿನ ಕಾನೂನು: ಪುರಾತನ ವಸ್ತು ಹುಡುಕಲು ಅನುಮತಿ ಬೇಕು, ಉಂಗುರ ಕಳೆದ ದೂರಿನ ಪ್ರತಿ ಕೈಯಲ್ಲಿದ್ದರೆ ವಿವರಿಸುವುದು ಸುಲಭ. ಈಗಲ್ ಬೀಚ್‌ನಂಥ ಕಡೆ ಮಾರ್ಚಿನಿಂದಲೇ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಗೂಟ ನೆಟ್ಟು ಗುರುತು ಮಾಡಿದ ಗೂಡುಗಳ ಹತ್ತಿರ ಸ್ಕೂಪ್ ಊರಬೇಡಿ, ಎಷ್ಟೇ ಬೆಲೆಯ ಉಂಗುರವಾದರೂ ಸರಿ.

2011ರಿಂದೀಚೆಗೆ ದಂಡೆಗೆ ರಾಶಿ ಬೀಳುತ್ತಿರುವ ಸರ್ಗ್ಯಾಸಮ್ ಪಾಚಿಯನ್ನು ಎಷ್ಟೋ ಹೋಟೆಲಿನವರು ಬೆಳಗಿನ ಜಾವ ಟ್ರ್ಯಾಕ್ಟರಿನಲ್ಲಿ ಬಳಿಯುತ್ತಾರೆ. ಹಿಂದಿನ ಸಂಜೆ ಒಣ ಮರಳಲ್ಲಿ ಕಳೆದ ಉಂಗುರ ಆ ರಾಶಿಯ ಜೊತೆ ಹೋಗಿರಬಹುದು. ರಾತ್ರಿಯೇ ಹೋಟೆಲಿಗೆ ತಿಳಿಸಿ ಆ ಜಾಗ ಬಿಡಿಸಿ, ತಡವಾಗಿದ್ದರೆ ರಾಶಿ ಎಲ್ಲಿ ಸುರಿದರೆಂದು ಕೇಳಿ ಅಲ್ಲಿ ಕಾಯಿಲ್ ಬೀಸಿ.

ನೀರಿನಲ್ಲಿ ಬಿದ್ದದ್ದು ಮೂರು ದಿನ ಹುಡುಕಿದರೂ ಸಿಗದಿದ್ದರೆ ಅದು ಯಂತ್ರಕ್ಕೆ ಎಟುಕದಷ್ಟು ಮರಳಿನಡಿ ಇಳಿದಿದೆ ಎಂದುಕೊಳ್ಳಿ. ಎರಡು ಫೋಟೋ, ಉಂಗುರದ ತೂಕ, ಕ್ಯಾರೆಟ್, ಒಳಗೆ ಕೆತ್ತಿದ ಹೆಸರನ್ನು ಸ್ಥಳೀಯ ಹುಡುಕುವವರೊಬ್ಬರಿಗೆ ಕೊಟ್ಟು ಬನ್ನಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಟ್ಲಾಂಟಿಕ್‌ನ ಉತ್ತರದಿಂದ ಬರುವ ದೊಡ್ಡ ಅಲೆಗಳು ಉತ್ತರ, ಪಶ್ಚಿಮ ದಂಡೆಗಳ ಮರಳನ್ನು ಕೊಚ್ಚಿಕೊಂಡು ಹೋಗಿ ಕೆಳಗಿನ ಗಟ್ಟಿ ಸುಣ್ಣಗಲ್ಲಿನ ಹಾಸನ್ನು ಬಯಲು ಮಾಡುತ್ತವೆ. ಅಂಥ ಒಂದು ಅಲೆಯಾದ ಮರುದಿನ ಬೆಳಿಗ್ಗೆ, ಮರಳು ಮರಳಿ ತುಂಬುವ ಮೊದಲು, ಅವರು ಅದೇ ಎರಡು ಗೆರೆ ಕೂಡುವಲ್ಲಿಗೆ ಹೋಗಿ ಕಾಯಿಲ್ ಇಳಿಸಲಿ.